ಮಸೀರಾದಲ್ಲಿ ಒಂದು ಜುಟ್ಟಿನ ಕಾಯಿ

ನನ್ನ ಅತ್ತೆಗೆ ಮಸ್ಕತ್ತಿನ ಕಡಲು ಹಿಡಿಸಲಿಲ್ಲ. ಬಂದ ಮೊದಲ ವಾರವೇ ಅವರನ್ನು ದಂಡೆಯ ರಸ್ತೆಗೆ ಕರೆದುಕೊಂಡು ಹೋಗಿದ್ದೆವು. ಸಾಲು ದೀಪ, ಕಲ್ಲುಬೆಂಚು, ಐಸ್‌ಕ್ರೀಮ್ ತಿನ್ನುತ್ತ ಅಡ್ಡಾಡುವ ಜನ. ಅತ್ತೆ ಕಟ್ಟೆಯಿಂದ ಬಗ್ಗಿ ನೋಡಿದರು. ನೀರು ಸದ್ದಿಲ್ಲದೆ ಕಲ್ಲನ್ನು ನೆಕ್ಕುತ್ತಿತ್ತು. "ಇದು ಕಡಲಾ? ಇದಕ್ಕೆ ಜೀವ ಉಂಟಾ? ನಮ್ಮ ದೇವಸ್ಥಾನದ ಕೆರೆ ಇದಕ್ಕಿಂತ ಜೋರುಂಟು" ಎಂದು ಸೆರಗು ಕೊಡವಿ ಕಾರಿನಲ್ಲಿ ಹೋಗಿ ಕೂತರು.

ಅತ್ತೆ ಮಲ್ಪೆ ಕಡೆಯ ಮೀನುಗಾರರ ಮನೆಯವರು. ನಾನು ಮೈಸೂರಿನವಳು, ಬೇಳೆಸಾರಿನ ಮನೆಯಲ್ಲಿ ಬೆಳೆದವಳು. ಮದುವೆಯಾಗುವ ತನಕ ಮೀನು ಅಂದರೆ ನನಗೆ ಗಾಜಿನ ತೊಟ್ಟಿಯಲ್ಲಿ ಓಡಾಡುವ ಬಣ್ಣದ ವಸ್ತು. ಇಷ್ಟು ವರ್ಷ ಸಂಸಾರ ಮಾಡಿದರೂ ತುಳು ನನಗೆ ಕಿವಿಗೆ ಹತ್ತಿದೆಯೇ ಹೊರತು ನಾಲಿಗೆಗೆ ಹತ್ತಿಲ್ಲ. ಆದ್ದರಿಂದ ಅತ್ತೆ ಮಕ್ಕಳ ಜೊತೆ ತುಳುವಿನಲ್ಲೂ ನನ್ನ ಜೊತೆ ತಮ್ಮ ಊರಿನ ಕನ್ನಡದಲ್ಲೂ ಮಾತಾಡುತ್ತಾರೆ. ಬೈಯುವಾಗ ಮಾತ್ರ ಭೇದ ಮಾಡುವುದಿಲ್ಲ, ನನಗೂ ತುಳುವೇ ಸಿಗುತ್ತದೆ.

ಅವರಿಗೆ ಇಬ್ಬರು ಮಕ್ಕಳು. ಹಿರಿಯವರು ನನ್ನ ಗಂಡ. ಮೀನಿಗೆ ಈಜು ಕಲಿಸಬೇಕೆ ಎನ್ನುತ್ತಾರಲ್ಲ, ಆ ಗಾದೆಗೆ ಇವರು ಅಪವಾದ. ಬಕೆಟ್ಟಿನಲ್ಲಿ ನೀರು ತುಳುಕಿದರೂ ಇವರಿಗೆ ತಲೆ ಸುತ್ತುತ್ತದೆ. ಕಡಲಿಗೆ ಕೈಮುಗಿದು ಲೆಕ್ಕಪತ್ರ ಕಲಿತು ಒಮಾನಿಗೆ ಬಂದು ಆಫೀಸಿನ ಏಸಿಯಲ್ಲಿ ಕೂತವರು. ನಾವಿರುವುದು ಅಲ್ ಅಮೇರಾತ್‌ನಲ್ಲಿ, ಸುತ್ತ ಬೋಳು ಗುಡ್ಡ, ಎಲ್ಲಿ ನೋಡಿದರೂ ಒಂದು ಹನಿ ನೀರಿಲ್ಲ. ಮನೆ ಆರಿಸಿದವರು ಇವರೇ. ಕಿರಿಯವನು, ಅಂದರೆ ನನ್ನ ಮೈದುನ, ಕಡಲಿಗೇ ಹೋದ. ಇಷ್ಟು ದಿನ ಬೇರೆಯವರ ಬೋಟುಗಳಲ್ಲಿ ದುಡಿದವನು ಆ ವರ್ಷ ಮೊದಲ ಬಾರಿಗೆ ತನ್ನದೇ ಬೋಟು ಮಾಡಿಕೊಂಡಿದ್ದ. ಮಳೆಗಾಲದ ಮೀನುಗಾರಿಕೆ ರಜೆ ಮುಗಿದು, ನೂಲ ಹುಣ್ಣಿಮೆಯ ದಿನ ಅದು ಕಡಲಿಗೆ ಇಳಿಯಬೇಕಿತ್ತು.

ಇಲ್ಲಿ ಅವರ ಮನೆಯ ಒಂದು ಕಟ್ಟಳೆ ಹೇಳಬೇಕು. ನೂಲ ಹುಣ್ಣಿಮೆಗೆ ಊರವರೆಲ್ಲ ಸೇರಿ ಸಮುದ್ರ ಪೂಜೆ ಮಾಡುತ್ತಾರೆ, ಸರಿ. ಅದರ ಮೇಲೆ ಅವರ ಮನೆಯಲ್ಲಿ ಇನ್ನೊಂದುಂಟು. ಮನೆಯವರು ಹತ್ತುವ ಬೋಟು ಇಳಿಯುವ ಮೊದಲು ಮನೆಯ ಹಿರಿಯ ಹೆಂಗಸು ತನ್ನ ಕೈಯಾರೆ ಕಡಲಿಗೆ ಹಾಲು, ಹೂವು, ಜುಟ್ಟಿರುವ ಒಂದು ತೆಂಗಿನಕಾಯಿ ಕೊಡಬೇಕು. ಕಾಯಿ ಹೋಯಿತೋ, ಕಡಲು ಒಪ್ಪಿತು. ದಡಕ್ಕೆ ತಿರುಗಿ ಬಂತೋ, ಕಡಲಿಗೆ ಮನಸ್ಸಿಲ್ಲ ಎಂದು ಅರ್ಥ, ಮುಂದಿನ ಹುಣ್ಣಿಮೆಯವರೆಗೆ ಬೋಟು ಕಟ್ಟಿಹಾಕಬೇಕು. ಮನೆಯ ಹಿರಿತನ ಕೈಗೆ ಬಂದ ವರ್ಷದಿಂದ ಅತ್ತೆ ಒಮ್ಮೆಯೂ ಇದನ್ನು ತಪ್ಪಿಸಿದವರಲ್ಲ.

ತಪ್ಪುವ ಹಾಗೆ ಮಾಡಿದವಳು ನಾನು. ಅವರು ಬೇಸಿಗೆಯಲ್ಲಿ ಬಂದು ಜುಲೈಯಲ್ಲಿ ಹೊರಡುವವರಿದ್ದರು. ಅಷ್ಟರಲ್ಲಿ ನನ್ನ ಪಿತ್ತಕೋಶದಲ್ಲಿ ಕಲ್ಲು ಕಾಣಿಸಿಕೊಂಡು ಆಪರೇಷನ್ ಆಯಿತು. ಅತ್ತೆ ವೀಸಾ ಮುಂದುವರಿಸಿಕೊಂಡು ಉಳಿದರು, ನನಗೆ ಗಂಜಿ ಬಡಿಸಿದರು, ನನ್ನ ಮಗಳ ಜಡೆ ಹೆಣೆದರು. "ಕಾಯಿ ಯಾರು ಕೊಡೋದು ಅತ್ತೆ?" ಎಂದು ನಾನು ಕೇಳಿದಾಗಲೆಲ್ಲ "ನೀನು ಮೊದಲು ಗಂಜಿ ಉಣ್ಣು" ಎನ್ನುತ್ತಿದ್ದರು. ಆದರೆ ಹುಣ್ಣಿಮೆ ಹತ್ತಿರ ಬಂದ ಹಾಗೆ ಅವರ ಊಟ ಕಡಿಮೆಯಾಗಿದ್ದು ನನ್ನ ಕಣ್ಣಿಗೆ ಬೀಳದೆ ಇರಲಿಲ್ಲ. ಮೈದುನನೋ ಹಟಮಾರಿ. "ಹೆಂಡತಿ ಕೊಟ್ಟರೆ ಆಗುವುದಿಲ್ಲ, ಅಮ್ಮ ಇರುವಾಗ ಅಮ್ಮನೇ ಕೊಡಬೇಕು. ಅಲ್ಲಿಂದಲೇ ಕೊಡಲಿ, ಕಡಲು ಒಂದೇ ಅಲ್ಲವಾ? ಅಮ್ಮ ಫೋನ್ ಮಾಡದೆ ನಾನು ಇಂಜಿನ್ ಮುಟ್ಟುವುದಿಲ್ಲ" ಎಂದುಬಿಟ್ಟ.

ಕಡಲು ಒಂದೇ ಎಂದು ಅವನು ಹೇಳಿದ. ಅತ್ತೆ ಒಪ್ಪಬೇಕಲ್ಲ? ಮಸ್ಕತ್ತಿನ ಕೆರೆಗೆ ಕಾಯಿ ಕೊಡಲು ಅವರು ಸುತರಾಂ ತಯಾರಿರಲಿಲ್ಲ. "ತೆರೆ ಇರುವ ಕಡಲು ಬೇಕು. ನಮ್ಮ ಕಡಲಿಗೆ ಮುಖ ಮಾಡಿರ್ಬೇಕು." ನಾನು ಸೋಫಾದಲ್ಲಿ ಮಲಗಿಕೊಂಡೇ ಫೋನಿನಲ್ಲಿ ಭೂಪಟ ತೆರೆದೆ. ಒಮಾನಿನ ಪೂರ್ವಕ್ಕೆ, ಅರಬ್ಬೀ ಸಮುದ್ರದ ನಡುವೆ ಮಸೀರಾ ಎಂಬ ಉದ್ದನೆಯ ದ್ವೀಪ. ಅಲ್ಲಿಂದ ನೇರ ಗೆರೆ ಎಳೆದರೆ ನಮ್ಮದೇ ಕರಾವಳಿ, ನಡುವೆ ನೀರು ಬಿಟ್ಟರೆ ಏನೂ ಇಲ್ಲ. ತೋರಿಸಿದೆ. ಅತ್ತೆ ಕನ್ನಡಕ ಏರಿಸಿ ನೋಡಿ, ಬೆರಳಿನಿಂದ ಆ ನೀಲಿಯನ್ನು ಅಳೆದು, "ಇದಾಗ್ತದೆ" ಎಂದರು. ಆ ರಾತ್ರಿ ಎರಡು ಚಪಾತಿ ಹೆಚ್ಚು ತಿಂದರು.

ಕಾಯಿ ಹುಡುಕುವುದೇ ಒಂದು ಯಾತ್ರೆಯಾಯಿತು. ಸೂಪರ್‌ಮಾರ್ಕೆಟ್ಟಿನ ಕಾಯಿಗಳಿಗೆಲ್ಲ ನುಣ್ಣಗೆ ಕ್ಷೌರ ಮಾಡಿ ಪ್ಲಾಸ್ಟಿಕ್ ಸುತ್ತಿದ್ದರು. ಅತ್ತೆ ಒಂದೊಂದನ್ನೇ ಎತ್ತಿ ಕಿವಿಯ ಹತ್ತಿರ ಕುಲುಕಿ, "ಬೋಳು ಕಾಯಿ" ಎಂದು ಇಡುತ್ತಿದ್ದರು. ಅಲ್ಲಿನ ಕೆಲಸದವನು ಇದು ಯಾವುದೋ ಕಾಯಿಲೆಯ ಪರೀಕ್ಷೆಯೇನೋ ಎಂಬಂತೆ ನೋಡುತ್ತ ನಿಂತಿದ್ದ. ಕೊನೆಗೆ ನಮ್ಮ ಊರಿನವರೊಬ್ಬರ ತರಕಾರಿ ಅಂಗಡಿಯಲ್ಲಿ ಜುಟ್ಟಿರುವ ಕಾಯಿ ಸಿಕ್ಕಿತು. "ಇರಲಿ, ಎರಡು ತಗೊಳ್ಳೋಣ ಅತ್ತೆ" ಎಂದೆ.

"ಎರಡು ಎಂತಕ್ಕೆ? ಒಂದರ ಮೇಲೆ ನಂಬಿಕೆ ಇಲ್ಲ ಅಂತ ಕಡಲಿಗೆ ಹೇಳ್ಲಿಕ್ಕಾ?"

ಒಂದೇ ತಗೊಂಡೆವು. ಊರಿನಿಂದ ವಿಮಾನದಲ್ಲಿ ಬಂದ ಮಲ್ಲಿಗೆಯ ಒಂದು ಮೊಳವೂ ಅಲ್ಲೇ ಸಿಕ್ಕಿತು. ಎರಡನ್ನೂ ಒದ್ದೆ ಬಟ್ಟೆಯಲ್ಲಿ ಸುತ್ತಿ ಅತ್ತೆ ಮಡಿಲಲ್ಲಿ ಇಟ್ಟುಕೊಂಡರು.

ಹುಣ್ಣಿಮೆಯ ದಿನ, ಶುಕ್ರವಾರ, ಬೆಳಕು ಹರಿಯುವ ಮೊದಲೇ ಹೊರಟೆವು. ನಾನು, ಗಂಡ, ಅತ್ತೆ, ಹತ್ತನೇ ಕ್ಲಾಸಿನ ಮಗಳು. ಗಂಟೆಗಟ್ಟಲೆ ಮರಳು, ಒಂಟೆ, ಮತ್ತೆ ಮರಳು. ಅತ್ತೆ ಎಲ್ಲಿಯಾದರೂ ನೀರು ಕಂಡೀತೇ ಎಂದು ಕಿಟಕಿಗೆ ಮೂಗು ಒತ್ತಿ ಕೂತಿದ್ದರು. ಶನ್ನಾ ಎಂಬಲ್ಲಿ ರಸ್ತೆ ಮುಗಿದು ಕಡಲು ಶುರುವಾಯಿತು. ಕಾರು ಸಮೇತ ಫೆರ್ರಿ ಹತ್ತಿದೆವು. ಆಗಸ್ಟಿನ ಗಾಳಿ, ಫೆರ್ರಿ ತೊಟ್ಟಿಲಿನ ಹಾಗೆ ತೂಗುತ್ತಿತ್ತು. ನನ್ನ ಗಂಡ, ಮೂರು ತಲೆಮಾರು ಕಡಲನ್ನು ಆಳಿದ ಮನೆಯ ಹಿರಿಯ ಮಗ, ಹತ್ತು ನಿಮಿಷಕ್ಕೆ ಹಸಿರಾಗಿ, ಚೀಲ ಹಿಡಿದು ಬಾಗಿ ಕೂತರು. ಅತ್ತೆ ಮಾತ್ರ ಕಟಕಟೆ ಹಿಡಿದು ಗಾಳಿಗೆ ಮುಖ ಕೊಟ್ಟು ನಿಂತಿದ್ದರು. ಬಂದ ಮೇಲೆ ಮೊದಲ ಸಲ ಅವರ ಮುಖ ಅರಳಿದ್ದನ್ನು ನೋಡಿದೆ. ಹಿಂತಿರುಗಿ ಮಗನನ್ನು ನೋಡಿ, "ಇದನ್ನು ನಾನೇ ಹೆತ್ತದ್ದಾ?" ಎಂದರು.

ದ್ವೀಪದ ಉತ್ತರದ ತುದಿಯಲ್ಲಿ ಪೇಟೆ. ಅಲ್ಲಿ ಹೋಟೆಲಿನಲ್ಲಿ ಚೀಲ ಇಟ್ಟು, ಹಾಲು ತರಲು ಗಂಡನನ್ನು ಅಂಗಡಿಗೆ ಅಟ್ಟಿದೆ. ತಂದರು. ಅತ್ತೆ ಯಾವುದಕ್ಕೂ ಇರಲೆಂದು ಒಂದು ಹನಿ ನಾಲಿಗೆಗೆ ಬಿಟ್ಟುಕೊಂಡು ನೋಡಿದರೆ ಲಬಾನ್, ಅಂದರೆ ಇಲ್ಲಿನ ಮಜ್ಜಿಗೆ. ಎರಡರ ಡಬ್ಬಿಯೂ ಒಂದೇ ರೀತಿ, ಅಂಥದ್ದರಲ್ಲಿ ಇವರ ತಲೆ ಇನ್ನೂ ಫೆರ್ರಿಯಲ್ಲೇ ಇತ್ತು. "ಮಜ್ಜಿಗೆಯಾ? ಕಡಲಿಗೆ ಎಂತ ಅಜೀರ್ಣ ಆಗಿದೆಯಾ?" ಅತ್ತೆ ಕೇಳಿದರು. ಮತ್ತೆ ಅಟ್ಟಿದೆ. ಅಷ್ಟರಲ್ಲಿ ಮೈದುನನ ಫೋನ್. ಆಳುಗಳೆಲ್ಲ ಬಂದಿದ್ದಾರೆ, ಡೀಸೆಲ್ ತುಂಬಿದೆ, ಮಂಜುಗಡ್ಡೆ ಹೇರಿದೆ, ಅಕ್ಕಪಕ್ಕದ ಬೋಟುಗಳು ಒಂದೊಂದೇ ಹೊರಡುತ್ತಿವೆ. "ಅತ್ತಿಗೆ, ಅಮ್ಮನಿಗೆ ಸ್ವಲ್ಪ ಬೇಗ ಅಂತ ಹೇಳಿ. ಮಂಜು ಕರಗ್ತಾ ಉಂಟು."

ತೆರೆ ಇರುವ ಕಡಲು ಬೇಕಲ್ಲ, ಪೂರ್ವದ ದಂಡೆ ಹಿಡಿದು ದಕ್ಷಿಣಕ್ಕೆ ಹೊರಟೆವು. ಕಪ್ಪು ಗುಡ್ಡಗಳ ನಡುವೆ ರಸ್ತೆ. ಮಗಳು ಫೋನಿನಲ್ಲಿ ಓದಿ ಹೇಳುತ್ತಿದ್ದಳು. "ಅಜ್ಜಿ, ದೀಸ್ ರಾಕ್ಸ್ ಆರ್ ವಾಲ್ಕ್ಯಾನಿಕ್. ಸಮುದ್ರದ ತಳದಲ್ಲಿ ಬೆಂಕಿ ಉಕ್ಕಿ ಬಂದು, ನೀರಲ್ಲೇ ತಣ್ಣಗಾಗಿ ಕಲ್ಲಾಗಿದ್ದು. ಆಮೇಲೆ ಮೇಲೆ ಬಂದಿದ್ದು."

"ಕಡಲಿನ ಹೊಟ್ಟೆಯಿಂದ ಬಂದ ಕಲ್ಲಾ?" ಅತ್ತೆ ಗುಡ್ಡಗಳನ್ನು ನೋಡಿ, ಆಮೇಲೆ ನನ್ನನ್ನು ನೋಡಿದರು. "ನಿನ್ನ ಅಮ್ಮನ ಹೊಟ್ಟೆಯಿಂದ ಬಂದದ್ದು ಇಷ್ಟು ದೊಡ್ಡದಿರಲಿಲ್ಲ. ಗಲಾಟೆ ಮಾತ್ರ ಇದಕ್ಕಿಂತ ಜಾಸ್ತಿ."

ಕೊನೆಗೆ ನಾವು ಕಾರು ನಿಲ್ಲಿಸಿದ ಹಳ್ಳಿ ಅಂದರೆ ಹತ್ತಿಪ್ಪತ್ತು ಮನೆ. ಸುಣ್ಣದ ಬಣ್ಣದ ಗೋಡೆ, ಮೇಲೆ ನೀರಿನ ಟ್ಯಾಂಕ್, ಪ್ರತಿ ಬಾಗಿಲಲ್ಲೂ ಒಂದು ಪಿಕಪ್, ಅದರ ನೆರಳಲ್ಲಿ ಮೇಕೆಗಳು. ಒಂದು ಚಿಕ್ಕ ಮಸೀದಿ, ಬಂಗಾಳಿಯೊಬ್ಬನ ಚಹದ ಅಂಗಡಿ. ದೋಣಿಗಳನ್ನೆಲ್ಲ ಮೇಲಕ್ಕೆಳೆದು ಸಾಲಾಗಿ ಕವುಚಿ ಹಾಕಿದ್ದರು. ನಮ್ಮ ಊರಿಗೆ ಮಳೆ ಹೊತ್ತು ತರುವ ಗಾಳಿಯೇ ಇಲ್ಲಿ ಒಣಗಾಳಿಯಾಗಿ ಬೀಸಿ, ಕಡಲನ್ನು ಎಬ್ಬಿಸಿ, ಇವರ ದೋಣಿಗಳನ್ನೂ ಕೂರಿಸಿಬಿಡುತ್ತದೆ. ಅತ್ತೆ ಕವುಚಿದ ದೋಣಿಗಳ ಬೆನ್ನು ತಟ್ಟುತ್ತ ನಡೆದರು. ಮರಳಿನ ಮೇಲೆ ಕಡಲಿನಿಂದ ಎದ್ದುಬಂದ ದೊಡ್ಡ ಗಾಲಿಯ ಗುರುತು ಕಂಡು, "ಇಲ್ಲಿ ಟ್ರ್ಯಾಕ್ಟರ್ ಎಂತಕ್ಕೆ ಬಂತು?" ಎಂದರು. ಅದು ಮೊಟ್ಟೆಯಿಡಲು ಬಂದು ಹೋದ ಕಡಲಾಮೆಯ ಜಾಡು ಎಂದು ಮಗಳು ಹೇಳಿದಾಗ ಆ ಗುರುತನ್ನು ತುಳಿಯದೆ ಸುತ್ತು ಹಾಕಿ ಹೋದರು.

ಅಲ್ಲಿ ತೆರೆ ಇತ್ತು. ಎಂಥ ತೆರೆ! ಕಪ್ಪು ಬಂಡೆಗಳಿಗೆ ಬಡಿದು ಮನೆಯೆತ್ತರ ಏಳುತ್ತಿತ್ತು. ಅತ್ತೆ ಸೊಂಟಕ್ಕೆ ಕೈಕೊಟ್ಟು ನಿಂತು, "ಹಾಂ, ಇದು ಕಡಲು" ಎಂದು ಸರ್ಟಿಫಿಕೇಟ್ ಕೊಟ್ಟರು.

ಬಂಡೆಗಳ ಪಕ್ಕದ ಮರಳಿನಲ್ಲಿ ಬಟ್ಟೆ ಹಾಸಿ ಕಾಯಿ, ಹಾಲು, ಹೂವು ಇಟ್ಟು ಅತ್ತೆ ಕಾಲು ತೊಳೆಯಲು ನೀರಿನ ಹತ್ತಿರ ಹೋದರು. ತಿರುಗಿ ಬರುವಷ್ಟರಲ್ಲಿ ಒಂದು ಮೇಕೆ ಬಂದು ಮಲ್ಲಿಗೆಯ ಮೊಳವನ್ನು ಶಾವಿಗೆಯ ಹಾಗೆ ಒಳಗೆಳೆದುಕೊಳ್ಳುತ್ತಿತ್ತು. ಕಾವಲಿಗೆ ಕೂರಿಸಿದ್ದ ಗಂಡ ಗಾಳಿಗೆ ಕಣ್ಣು ಮುಚ್ಚಿ ವಿಶ್ರಾಂತಿಯಲ್ಲಿದ್ದರು. ನಾನು ಕಿರುಚಿದೆ. ಮೇಕೆ ಅವಸರ ಪಡಲಿಲ್ಲ, ಕೊನೆಯ ಮೊಗ್ಗನ್ನೂ ನಿಧಾನವಾಗಿ ಮುಗಿಸಿತು. "ಬಿಡು, ಮೂಕಪ್ರಾಣಿ. ಅದಕ್ಕೂ ಇಲ್ಲಿ ಹಸಿರು ಎಲ್ಲಿ ಸಿಕ್ತದೆ?" ಎಂದರು ಅತ್ತೆ. ಮೇಕೆಗೆ ಸಿಕ್ಕ ಕ್ಷಮೆ ನನ್ನ ಗಂಡನಿಗೆ ಸಿಗಲಿಲ್ಲ. ಅವರಿಗೆ ತುಳುವಿನಲ್ಲಿ ಒಂದಿಷ್ಟು ಬಂತು.

ಆಮೇಲೆ ಅತ್ತೆ ಸೀರೆ ಎತ್ತಿ ಕಟ್ಟಿ ಮೊಳಕಾಲ ನೀರಿಗೆ ಇಳಿದರು. ನಾನೂ ಗಂಡನೂ ಒಂದೊಂದು ತೋಳು ಹಿಡಿದೆವು. ಹಾಲು ಹೊಯ್ದರು. ಕಣ್ಣು ಮುಚ್ಚಿ ಏನೋ ಗೊಣಗಿದರು, ನಡುವೆ ಮೈದುನನ ಹೆಸರು ಕೇಳಿಸಿತು. ಕಾಯಿಯನ್ನು ಮಗುವನ್ನು ಇಳಿಸುವಂತೆ ನೀರಿಗೆ ಇಳಿಸಿದರು. ಅದು ಒಂದು ಮಾರು ಹೋಯಿತು. ಮುಂದಿನ ತೆರೆ ಅದನ್ನು ಎತ್ತಿ ತಂದು ಅತ್ತೆಯ ಕಾಲಬುಡದಲ್ಲಿ ಕೂರಿಸಿತು.

ನಾನು ಗಂಡನ ಮುಖ ನೋಡಿದೆ. ಅತ್ತೆ ಮಾತ್ರ ಬಗ್ಗಿ ಅದನ್ನು ಎತ್ತಿಕೊಂಡು, "ಇನ್ನೂ ನೀರಲ್ಲೇ ಉಂಟು, ಮರಳು ಮುಟ್ಟಿಲ್ಲ. ಇದು ಲೆಕ್ಕಕ್ಕಿಲ್ಲ" ಎಂದರು. ನಿಯಮದ ಪುಸ್ತಕ ಅವರ ಕೈಯಲ್ಲೇ ಇತ್ತಾದ್ದರಿಂದ ಯಾರೂ ವಾದಿಸಲಿಲ್ಲ. ಕಾಯಿಯನ್ನು ಮಗನ ಕೈಗೆ ಕೊಟ್ಟು, ತಮ್ಮ ಕೈಯನ್ನು ಅದರ ಮೇಲಿಟ್ಟು, "ನಾನೇ ಕೊಟ್ಟ ಹಾಗೆ. ದೂರ ಬಿಸಾಡು" ಎಂದರು.

ನನ್ನ ಗಂಡ ಕಾಲೇಜಿನಲ್ಲಿ ಕ್ರಿಕೆಟ್ ಆಡಿದವರು ಎಂದು ಮದುವೆಗೆ ಮೊದಲಿನಿಂದಲೂ ಕೇಳುತ್ತ ಬಂದಿದ್ದೆ, ನಂಬಿರಲಿಲ್ಲ. ಅವತ್ತು ನಂಬಿದೆ. ಬಂಡೆಯ ಮೇಲೆ ಹತ್ತಿ, ನಾಲ್ಕು ಹೆಜ್ಜೆ ಓಡಿ ಬೀಸಿದರು. ದಡಕ್ಕೆ ಬಡಿಯುವ ತೆರೆಗಳನ್ನೆಲ್ಲ ದಾಟಿ ಕಾಯಿ ಆಚೆ ಬಿತ್ತು. ಮುಳುಗಿತು, ಎದ್ದಿತು, ಜುಟ್ಟು ಅಲ್ಲಾಡಿಸುತ್ತ ಮೆಲ್ಲಗೆ ಆಚೆ ಹೊರಟಿತು. ಅತ್ತೆ ಕೈಮುಗಿದರು. ನಾನು ಮೈದುನನಿಗೆ ಹೇಳೋಣವೆಂದು ಫೋನ್ ತೆಗೆದೆ.

ಆಗ ಹಿಂದಿನಿಂದ ಒಂದು ಕೂಗು ಕೇಳಿಸಿತು. ಬಲೆಗಳ ಚಪ್ಪರದಿಂದ ಒಬ್ಬ ಅಜ್ಜ ಓಡಿಬರುತ್ತಿದ್ದರು. ಬಿಳಿಯ ಗಡ್ಡ, ಬಿಳಿಯ ನಿಲುವಂಗಿ. ನಮ್ಮನ್ನು ದಾಟಿ, ನಿಲುವಂಗಿಯನ್ನು ಸೊಂಟಕ್ಕೆ ಸಿಕ್ಕಿಸಿ, ಸೀದಾ ನೀರಿಗೆ ಬಿದ್ದರು. "ಬೇಡ ಬೇಡ! ನಹೀ, ನಹೀ! ಲಾ, ಲಾ!" ನನಗೆ ಬರುವ ಎಲ್ಲ ಭಾಷೆಗಳಲ್ಲೂ ಕೂಗಿದೆ. ಗಾಳಿ ಅದನ್ನು ಒಯ್ದಿತು. ಅಜ್ಜ ತೆರೆಯ ಕೆಳಗೆ ನುಸುಳಿ, ಆಚೆ ತೇಲಿ, ಕಾಯಿಯನ್ನು ಕಂಕುಳಲ್ಲಿ ಇರುಕಿಕೊಂಡು, ಇನ್ನೊಂದು ತೆರೆಯ ಬೆನ್ನೇರಿ ಬಂದು ನಮ್ಮ ಮುಂದೆ ನಿಂತರು. ಮೈಯೆಲ್ಲ ನೀರು ಸುರಿಯುತ್ತಿತ್ತು. ಬಾಯಲ್ಲಿದ್ದ ನಾಲ್ಕೈದು ಹಲ್ಲುಗಳನ್ನೆಲ್ಲ ತೋರಿಸಿ ನಕ್ಕು, ಕೊಲ್ಲಿ ದೇಶಗಳಲ್ಲಿ ಎಲ್ಲರೂ ಆಡುವ ಹಿಂದಿಯಲ್ಲಿ ಹೇಳಿದರು: "ಅಮ್ಮಾ, ಗಾಬರಿ ಬೇಡ. ನಿಮ್ಮ ತೆಂಗಿನಕಾಯಿ ಸಿಕ್ಕಿತು!"

ಆ ವಯಸ್ಸಿನಲ್ಲಿ, ಆ ಕಡಲಿನಲ್ಲಿ, ಗುರುತು ಪರಿಚಯವಿಲ್ಲದವರ ಒಂದು ಕಾಯಿಗಾಗಿ ಇಳಿದ ಮನುಷ್ಯನ ಎದುರಿಗೆ ಅದನ್ನು ಮತ್ತೆ ನೀರಿಗೆ ಎಸೆಯುವುದು ಹೇಗೆ? ಅಜ್ಜ ಕಾಯಿಯನ್ನು ನನ್ನ ಕೈಗೂ ಕೊಡದೆ, ತಾವೇ ಹೊತ್ತುಕೊಂಡು, "ಯಲ್ಲಾ, ನಡೆಯಿರಿ, ಮನೆಗೆ ಬನ್ನಿ, ಕಹ್ವಾ ಕುಡಿಯಿರಿ" ಎಂದು ಮುಂದೆ ನಡೆದೇಬಿಟ್ಟರು. ನಾವು ಬಾಲದಂತೆ ಹಿಂದೆ ನಡೆದೆವು.

ದಾರಿಯಲ್ಲಿ ಗಂಡ ಪಿಸುಗುಟ್ಟಿದರು: "ಅಮ್ಮ, ಕಡಲು ತಿರುಗಿ ಕೊಟ್ಟದ್ದಲ್ಲ. ಮನುಷ್ಯ ತಂದದ್ದು. ಇದು ಲೆಕ್ಕಕ್ಕೆ ಬರುವುದಿಲ್ಲ."

"ದಡಕ್ಕೆ ಬಂತಾ ಇಲ್ವಾ?" ಅತ್ತೆ ಅಷ್ಟೇ ಕೇಳಿದರು.

ಅವರ ದನಿ ಕೇಳಿ ನನಗೆ ಅಳು ಬಂತು. ಅವರ ಮಗ ಅಲ್ಲಿ ಕರಗುತ್ತಿರುವ ಮಂಜಿನ ಪಕ್ಕ ಕೂತಿದ್ದಾನೆ. ಇಂದು ಬೇಡ ಎಂದು ಈ ತಾಯಿ ಹೇಳಿದರೆ ಒಂದು ಇಡೀ ತಿಂಗಳು ಹೊಸ ಬೋಟನ್ನು ಕಟ್ಟಿಹಾಕುತ್ತಾನೆ, ಆಳುಗಳು ಬೇರೆ ಬೋಟು ಹುಡುಕಿಕೊಳ್ಳುತ್ತಾರೆ. ಎಲ್ಲವೂ ನನ್ನ ಹೊಟ್ಟೆಯ ಒಂದು ಕಲ್ಲಿನಿಂದ. ಆ ಕ್ಷಣಕ್ಕೆ ನನಗೆ ಆ ಒಳ್ಳೆಯ ಅಜ್ಜನ ಮೇಲೆ ಕೆಟ್ಟ ಸಿಟ್ಟು ಬಂದಿದ್ದೂ ನಿಜ.

ಮನೆಯ ಹಿಂಬದಿಗೆ, ಗಾಳಿ ತಾಗದ ಕಡೆ ಚಾಪೆ ಹಾಸಿದರು. ಅಜ್ಜ ಕಾಯಿಯನ್ನು ಬಾಗಿಲಲ್ಲಿ ಹೆಂಡತಿಯ ಕೈಗೆ ಕೊಟ್ಟು ಬಟ್ಟೆ ಬದಲಿಸಲು ಹೋದರು. ಬಲೆ ಹೊಲಿಯುತ್ತಿದ್ದ ಇಬ್ಬರು ಗಂಡುಮಕ್ಕಳು ಎದ್ದು ಬಂದು ಕೈಕುಲುಕಿ ಕೂತರು. ಖರ್ಜೂರ ಬಂತು, ಹಲ್ವಾ ಬಂತು, ಏಲಕ್ಕಿಯ ಪರಿಮಳದ ಅರಬ್ಬಿ ಕಾಫಿ, ಅದೇ ಕಹ್ವಾ, ಬಂತು. ಒಳಗಿನಿಂದ ಟಪ್ ಎಂದು ಒಂದು ಸದ್ದು ಬಂತು. ತೆಂಗಿನ ಸೀಮೆಯಲ್ಲಿ ಹುಟ್ಟಿದವರಿಗೆ ಆ ಸದ್ದು ಏನೆಂದು ಹೇಳಬೇಕಾಗಿಲ್ಲ. ಅತ್ತೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

ಆ ಮನೆಯ ಅಜ್ಜಿ ಹೊರಗೆ ಬಂದರು. ಮುಖದ ಮೇಲೆ ಮೂಗಿನುದ್ದಕ್ಕೆ ನಿಲ್ಲುವ ಕಪ್ಪು ಮುಸುಕು, ಕೈಯಲ್ಲಿ ತಟ್ಟೆ. ತಟ್ಟೆಯ ತುಂಬ ಬೆಳ್ಳಗಿನ ಕಾಯಿಚೂರುಗಳು. ಅತಿಥಿಗಳು ತಂದದ್ದನ್ನು ಅತಿಥಿಗಳ ಮುಂದೆಯೇ ಇಡುವುದು ಅವರ ಮರ್ಯಾದೆ. ಅತ್ತೆ ತಟ್ಟೆ ನೋಡಿದರು, ಆಮೇಲೆ ತಲೆ ತಗ್ಗಿಸಿದರು. ಅಜ್ಜಿಗೆ ತಕ್ಷಣ ತಿಳಿಯಿತು. ಪಕ್ಕದಲ್ಲಿ ಕೂತು ಅತ್ತೆಯ ಬೆನ್ನ ಮೇಲೆ ಕೈಯಿಟ್ಟು, ಏನಾಯಿತು ಎಂದು ತಮ್ಮ ಮಗನ ಬಾಯಿಂದ ಕೇಳಿಸಿದರು.

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ನಾನು ಹಿಂದಿಯಲ್ಲಿ ಎಲ್ಲ ಹೇಳಿದೆ. ಅತ್ತೆಯ ಮಗ ಊರಿನಲ್ಲಿ ಬೋಟು ಹಿಡಿದು ಕಾಯುತ್ತಿರುವುದು, ಈ ಕಾಯಿ ನೀರಿನಲ್ಲಿ ಹೋಗಬೇಕಾಗಿದ್ದುದು, ಅದು ಬಿದ್ದದ್ದಲ್ಲ, ಕೊಟ್ಟದ್ದು ಎಂಬುದು. ಒಣ ಬಟ್ಟೆ ತೊಟ್ಟು ಬಂದು ಕೂತಿದ್ದ ಅಜ್ಜ ಕೇಳುತ್ತ ಕೇಳುತ್ತ ಎರಡೂ ಕೈಯನ್ನು ತಲೆಯ ಮೇಲಿಟ್ಟುಕೊಂಡರು. ಅಜ್ಜಿ ಅವರಿಗೆ ಅರಬ್ಬಿಯಲ್ಲಿ ಒಂದು ಸುತ್ತು ಕೊಟ್ಟರು. ಭಾಷೆ ತಿಳಿಯದಿದ್ದರೂ ಧಾಟಿ ತಿಳಿಯಿತು, ನಾನು ನನ್ನ ಗಂಡನಿಗೆ ಕೊಡುವುದೂ ಅದೇ ಧಾಟಿಯಲ್ಲಿ.

"ಅಮ್ಮಾ, ಮಾಫ್ ಕರೋ" ಎಂದರು ಅಜ್ಜ. "ನಾವು ಕಡಲಿಗೆ ಏನೂ ಕೊಡುವುದಿಲ್ಲ, ಕೇಳುವುದೆಲ್ಲ ದೇವರನ್ನೇ. ಆದರೆ ನಿಮ್ಮ ಮಗನ ಕೆಲಸ ನಾನು ಕೆಡಿಸಿದೆ. ಪೇಟೆಗೆ ಹೋಗಿ ಬೇರೆ ಕಾಯಿ ತರುತ್ತೇನೆ." ಅವರ ದೊಡ್ಡ ಮಗ ಮೆಲ್ಲಗೆ ಹೇಳಿದ, ಪೇಟೆಯಲ್ಲೂ ಕಾಯಿಯಿಲ್ಲ, ಪುಡಿಯ ಪೊಟ್ಟಣ ಮಾತ್ರ. ಕಡಲಿಗೆ ಪುಡಿಯ ಪೊಟ್ಟಣ ಕತ್ತರಿಸಿ ಸುರಿಯುವ ಅತ್ತೆಯನ್ನು ನೆನೆಸಿಕೊಂಡು ಆ ಸಂಕಟದಲ್ಲೂ ನನಗೆ ನಗು ಬಂತು. ಅಷ್ಟರಲ್ಲಿ ನನ್ನ ಫೋನ್ ಹೊಡೆದುಕೊಂಡಿತು. ಮೈದುನ. ನಾನು ಎತ್ತಲಿಲ್ಲ.

ಅತ್ತೆ ತಲೆಯೆತ್ತಿ ಅಜ್ಜಿಯನ್ನು ನೋಡಿದರು. "ಇವರ ಮನೆಯಿಂದ ಎಷ್ಟು ಮಂದಿ ಕಡಲಿಗೆ ಹೋಗ್ತಾರೆ, ಕೇಳು."

ಕೇಳಿದೆ. ಗಂಡ ಹೋಗುತ್ತಿದ್ದರು, ಈಗ ಈ ಇಬ್ಬರು ಮಕ್ಕಳು, ತಮ್ಮ, ತಮ್ಮನ ಮಕ್ಕಳು.

"ಅವರು ಹೋದಾಗ ಇವರಿಗೆ ನಿದ್ರೆ ಬರ್ತದಾ?"

ಅದನ್ನು ನಾನು ದಾಟಿಸುವ ಮೊದಲೇ, ಅತ್ತೆಯ ಮುಖ ನೋಡಿಯೇ ಅಜ್ಜಿ ಇಲ್ಲವೆಂದು ತಲೆಯಾಡಿಸಿದರು. ಬಾಗಿಲ ಕಡೆ ಬೆರಳು ಮಾಡಿ, ಅಲ್ಲಿ ಕೂತಿರುತ್ತೇನೆ ಎಂದು ಅಂಗೈಯಿಂದ ನೆಲ ತಟ್ಟಿ ತೋರಿಸಿದರು. ಅತ್ತೆಯೂ ಹಾಗೆಯೇ ನೆಲ ತಟ್ಟಿದರು. ನಾನೂ ಅಲ್ಲ, ಅಜ್ಜಿಯ ಮಗನೂ ಅಲ್ಲ, ಆ ಮಾತಿಗೆ ನಡುವೆ ಯಾರೂ ಬೇಕಾಗಲಿಲ್ಲ. ಅತ್ತೆ ಆ ಮನೆಯನ್ನು, ಒಣಹಾಕಿದ ಬಲೆಗಳನ್ನು, ಬೂದಿಬಣ್ಣಕ್ಕೆ ತಿರುಗಿದ ಒಣಮೀನಿನ ಸಾಲನ್ನು, ಅಜ್ಜನ ಇನ್ನೂ ಒದ್ದೆಯಾಗಿದ್ದ ಗಡ್ಡವನ್ನು ಒಂದು ಸುತ್ತು ನೋಡಿದರು. ಆಮೇಲೆ ತಟ್ಟೆಯಿಂದ ಎಲ್ಲಕ್ಕಿಂತ ದೊಡ್ಡ ಚೂರನ್ನು ಎತ್ತಿ ಅಜ್ಜಿಯ ಕೈಯಲ್ಲಿಟ್ಟು, ಇನ್ನೊಂದನ್ನು ಅಜ್ಜನ ಕಡೆ ಚಾಚಿದರು.

"ಹೇಳು ಇವರಿಗೆ. ಇದು ಪೂಜೆಯದ್ದು ಅಲ್ಲ, ಎಂತದೂ ಅಲ್ಲ. ನಮ್ಮ ಕಡಲಿನ ಮನೆಯಿಂದ ಇವರ ಕಡಲಿನ ಮನೆಗೆ. ತಿನ್ನಲಿ."

ಹೇಳಿದೆ. ಅಜ್ಜ ಬಲಗೈ ಚಾಚಿ ಚೂರನ್ನು ತಗೊಂಡರು. "ನಿಮ್ಮ ಮಗನಿಗೆ ನಾನು ನನ್ನ ದೇವರಲ್ಲಿ ಕೇಳುತ್ತೇನೆ" ಎಂದರು. ಬಿಸ್ಮಿಲ್ಲಾ ಎಂದು ಬಾಯಿಗೆ ಹಾಕಿಕೊಂಡರು. ಇದ್ದ ನಾಲ್ಕೈದು ಹಲ್ಲುಗಳಲ್ಲಿ ಎದುರುಬದುರು ಸಿಗುವ ಜೋಡಿ ಒಂದೇ ಇರಬೇಕು, ಚೂರನ್ನು ಆ ಕೆನ್ನೆಯಿಂದ ಈ ಕೆನ್ನೆಗೆ ಸರಿಸಿ, ಕಣ್ಣು ಕಿರಿದು ಮಾಡಿ, ಬಹಳ ಕಷ್ಟಪಟ್ಟು ಅಗಿದರು. ನಾವೆಲ್ಲ ಎದುರಿಗೆ ಕೂತು ನೋಡಿದೆವು. ಮಕ್ಕಳಿಬ್ಬರೂ ಬಾಚಿಕೊಂಡರು. ಅಜ್ಜಿ ಮುಸುಕಿನ ಕೆಳಗಿನಿಂದ ಚಿಕ್ಕ ಚಿಕ್ಕದಾಗಿ ಕಚ್ಚಿ ತಿಂದರು.

"ಫೋನ್ ಕೊಡು" ಎಂದರು ಅತ್ತೆ.

ಹಚ್ಚಿ ಕೊಟ್ಟೆ. ಅವರ ಕಿವಿ ಮಂದವಾದ್ದರಿಂದ ಸ್ಪೀಕರ್ ಹಾಕಿದೆ. ಅಮ್ಮ, ಮಗ ಮಾತಾಡಿದ್ದು ತುಳುವಿನಲ್ಲಿ, ಆದರೆ ಅದರಲ್ಲಿ ನನಗೆ ಒಂದು ಅಕ್ಷರವೂ ತಪ್ಪಲಿಲ್ಲ.

"ಅಮ್ಮಾ, ಕಡಲು ತಗೊಂಡಿತಾ?"

"ತಗೊಂಡಿತು ಮಗಾ."

"ತಿರುಗಿ ಬರಲಿಲ್ಲ ಅಲ್ವಾ?"

"ಇನ್ನು ಎಲ್ಲಿಂದ ತಿರುಗಿ ಬರುವುದು? ಅಗಿದು ತಿಂದಿತು. ನಾನು ಎದುರಿಗೆ ಕೂತು ನೋಡಿದೆ. ಹಲ್ಲು ಕಡಿಮೆ, ಹಾಗಾಗಿ ಸ್ವಲ್ಪ ತಡ ಆಯ್ತು."

"ಅಗಿದು...?" ಎಂದು ಮೈದುನ ಶುರುಮಾಡಿದ.

"ನೀನು ಹೊರಡು. ಮಂಜು ಕರಗ್ತದೆ."

ಫೋನಿನೊಳಗೆ ಯಾರೋ ಕೂಗಿದರು, ಹಗ್ಗ ಬಿಚ್ಚಿದ ಗಲಾಟೆ ಕೇಳಿಸಿತು, ಆಮೇಲೆ ಇಂಜಿನ್ ಒಮ್ಮೆ ಕೆಮ್ಮಿ, ಹಿಡಿದುಕೊಂಡು, ಗುಡುಗುಡು ಎಂದಿತು. ಆ ಸದ್ದಿಗೆ ಚಾಪೆಯ ಮೇಲಿದ್ದ ಮೂವರು ಮೀನುಗಾರರೂ ಒಟ್ಟಿಗೆ ಕತ್ತೆತ್ತಿದರು. ಅಜ್ಜ ಬಾಯಲ್ಲಿದ್ದ ಚೂರನ್ನು ಕೆನ್ನೆಗೆ ಸರಿಸಿ ಫೋನಿನ ಹತ್ತಿರ ಬಾಗಿ, "ಯಲ್ಲಾ! ಯಲ್ಲಾ!" ಎಂದು ಕೂಗಿದರು. ಯಾರೆಂದು ತಿಳಿಯದಿದ್ದರೂ ಮೈದುನ ಅಲ್ಲಿಂದಲೇ "ಆಯ್ತು ಆಯ್ತು!" ಎಂದ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಎಂತ ಮರಳು ಮಾರಾಯ್ತಿ ಇಲ್ಲಿ" ಎಂದರು. ತಟ್ಟೆಯಲ್ಲಿ ಒಂದೇ ಒಂದು ಚೂರು ಉಳಿದಿತ್ತು. ಅದನ್ನು ಎರಡು ಮಾಡಿ, ಒಂದನ್ನು ನನ್ನ ಬಾಯಿಗಿಟ್ಟು, ಇನ್ನೊಂದನ್ನು ತಾವು ತಿಂದರು.